ಬೆಲ್ಟು ತಿನ್ನುವ ಮಷೀನು

ಆ ಮಷೀನು ಶೆಡ್ಡಿನಲ್ಲಿ ನನ್ನ ಕಣ್ಣೆದುರು ಒಂದು ಸಲವೂ ಕೈಕೊಡಲಿಲ್ಲ. ಮೈಯೆಲ್ಲ ಉರಿದದ್ದು ಅದಕ್ಕೇ. ಕೆಟ್ಟದ್ದು ಕೆಟ್ಟ ಹಾಗೆ ಕಾಣಿಸಿದರೆ ರಿಪೇರಿ ಮಾಡಬಹುದು. ಇದು ಶೆಡ್ಡಿನಲ್ಲಿ ನೀರು ಕುಡಿದ ಹಾಗೆ ಓಡುತ್ತಿತ್ತು, ಹುಲ್ಲಿಗೆ ಇಳಿದರೆ ಅರ್ಧ ಗಂಟೆಯೊಳಗೆ ಬೆಲ್ಟು ಸುಟ್ಟುಕೊಂಡು ನಿಲ್ಲುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ದುರ್ಗದಲ್ಲಿ ನಮ್ಮದೊಂದು ಲೇತ್ ಅಂಗಡಿ. ಹೊಸದುರ್ಗದ ಕಡೆ, ಮತ್ತೋಡಿನ ಆಚೆ, ಒಂದು ದೊಡ್ಡ ಕಾವಲಿನಲ್ಲಿ ದನ ಸಾಕುವ ಫಾರಂ ಇತ್ತು. ಹುಲ್ಲು ಬೆಳೆಸುವ ಯಾವುದೋ ಯೋಜನೆಯಲ್ಲಿ ಹೊರದೇಶದವರು ಬಂದು ಹೋಗಿದ್ದರು. ಹೋಗುವಾಗ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಮಷೀನೊಂದನ್ನು ಬಿಟ್ಟು ಹೋಗಿದ್ದರು. ನೋಡಲು ಮರಿ ಟ್ರ್ಯಾಕ್ಟರು. ಅದರ ಹೊಟ್ಟೆಯ ಕೆಳಗೆ ಒಂದು ಅಗಲವಾದ ತಗಡಿನ ಡಬ್ಬರಿ ತೂಗುತ್ತಿತ್ತು, ಅದಕ್ಕೆ ಡೆಕ್ ಅನ್ನುತ್ತಿದ್ದರು. ಡೆಕ್ಕಿನೊಳಗೆ ಬ್ಲೇಡುಗಳು. ಇಂಜಿನ್ನಿನಿಂದ ಬ್ಲೇಡಿಗೆ ಶಕ್ತಿ ಹೋಗುವುದು ಒಂದೇ ಒಂದು ಉದ್ದನೆಯ ಬೆಲ್ಟಿನಲ್ಲಿ. ಆ ಬೆಲ್ಟು ಸಡಿಲಾಗದಂತೆ ಒಂದು ಪುಟ್ಟ ಪುಲ್ಲಿ ಅದನ್ನು ಪಕ್ಕದಿಂದ ಒತ್ತಿ ಹಿಡಿಯುತ್ತದೆ. ಪುಲ್ಲಿ ಒಂದು ಕಬ್ಬಿಣದ ತೋಳಿನ ತುದಿಯಲ್ಲಿರುತ್ತದೆ, ತೋಳನ್ನು ಒಂದು ಸ್ಪ್ರಿಂಗು ಎಳೆಯುತ್ತಿರುತ್ತದೆ. ಇಷ್ಟೇ ವಿದ್ಯೆ. ಇಷ್ಟೇ ವಿದ್ಯೆ ನನ್ನನ್ನು ಒಂದು ವಾರ ಕುಣಿಸಿತು.

ಕಾವಲಿನ ಹುಲ್ಲು ಒಣಗಿ ನಿಂತಿತ್ತು. ಬೇಸಿಗೆಗೆ ಮುಂಚೆ ಅಲ್ಲಲ್ಲಿ ಅಗಲವಾದ ಪಟ್ಟಿ ಸವರಿ ಬೆಂಕಿ ಗೆರೆ ಮಾಡಬೇಕು, ಇಲ್ಲದಿದ್ದರೆ ಒಬ್ಬ ದನ ಕಾಯುವವನ ಬೀಡಿ ಸಾಕು, ಇಡೀ ಕಾವಲು ಬೂದಿ. ಆ ಗೆರೆ ಹೊಡೆಯುವುದು ಈ ಮಷೀನಿನ ಕೆಲಸ. ಪೆಟ್ಟಿಗೆಯಲ್ಲಿ ಬಂದಿದ್ದ ಬೆಲ್ಟುಗಳೆಲ್ಲ ಸುಟ್ಟು ಎರಡು ಉಳಿದಿದ್ದವು. ಹೊಸದು ಬೇಕೆಂದರೆ ಬೊಂಬಾಯಿಗೆ ಬರೆಯಬೇಕು, ಬರುವಷ್ಟರಲ್ಲಿ ಯುಗಾದಿ ಕಳೆದಿರುತ್ತದೆ. ಅದಕ್ಕೇ ನನಗೆ ಹೇಳಿ ಕಳಿಸಿದ್ದರು.

ಫಾರಂ ಸೂಪರಿಂಟೆಂಡೆಂಟರು ಮೈಸೂರು ಕಡೆಯವರು, ಮಾತು ಕಡಿಮೆ. ನಾನು ಟ್ರೇಲರಿನಿಂದ ಇಳಿದು ಸಾಮಾನಿನ ಚೀಲ ಕೆಳಗಿಡುವ ಮೊದಲೇ ಡ್ರೈವರನ್ನು ತೋರಿಸಿ, ಬೆಲ್ಟು ಸುಡುವುದು ಇವನ ಕೈಗುಣ ಎಂದರು. ಅವನ ಮುಂದೆಯೇ ಇನ್ನೊಂದು ಮಾತೂ ಹೇಳಿದರು: "ಉಳಿದ ಎರಡೂ ಹೋದರೆ ಇವನನ್ನ ಮಷೀನಿಂದ ಇಳಿಸ್ತೀನಿ ಕಣ್ರೀ. ಕೊಟ್ಟಿಗೆ ಬಾಚಲಿ."

ಡ್ರೈವರು ನನ್ನ ಚೀಲ ಎತ್ತಿಕೊಂಡ. ಅವನು ಧರ್ಮಪುರದವನು, ನನಗಿಂತ ಸ್ವಲ್ಪ ಚಿಕ್ಕವನು, ಶೇಂಗಾ ಸುಲಿಯುವ ಮಿಲ್ಲಿನಲ್ಲಿ ಬೆಳೆದವನು. ಫಾರಮ್ಮಿನಲ್ಲಿ ದಿನಗೂಲಿ. ಡ್ರೈವರ್ ಹುದ್ದೆಯನ್ನು ಕಾಯಂ ಮಾಡಲು ಮೇಲಿನವರು ಹೆಸರು ಕೇಳಿದ್ದರು, ಅವನ ಹೆಸರೇ ಹೋಗಿತ್ತು. ಮಷೀನಿನಿಂದ ಇಳಿದರೆ ಆ ಹೆಸರೂ ಇಳಿಯುತ್ತದೆ. ಇದೆಲ್ಲ ಅವನು ಹೇಳಿದ್ದಲ್ಲ, ಊಟ ಹಾಕಿದ ಅಡುಗೆಯವನು ಹೇಳಿದ್ದು.

ಶೆಡ್ಡಿಗೆ ಹೋದರೆ ಮಷೀನು ಕಣ್ಣು ಕೋರೈಸುವಂತೆ ನಿಂತಿತ್ತು. ಕಡು ಕೆಂಪು ಬಣ್ಣ, ಚಕ್ರಗಳಿಗೆ ಹಳದಿ ಪಟ್ಟೆ, ಮುಂದೆ ಕುಂಕುಮದ ಬೊಟ್ಟು, ಬಾಡಿ ಒಣಗಿದ ಚೆಂಡುಹೂವಿನ ಹಾರ. ಫಾರಂ ಕಚೇರಿಯಲ್ಲಿ ಒಂದು ಫೋಟೋ ತೂಗುಹಾಕಿದ್ದರು: ಆಯುಧಪೂಜೆಯ ದಿನ ಸೂಪರಿಂಟೆಂಡೆಂಟರು ಹಾರ ಹಾಕಿಕೊಂಡು ಇದರ ಸೀಟಿನ ಮೇಲೆ ಕುಳಿತಿದ್ದು. ಬಣ್ಣ ಇನ್ನೂ ಹಸಿಯಿತ್ತಂತೆ, ಅವರ ಬಿಳಿ ಪ್ಯಾಂಟಿನ ಹಿಂದೆ ಕೆಂಪು ಗೆರೆ ಬಿತ್ತಂತೆ. ಅಡುಗೆಯವನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಆ ಪ್ಯಾಂಟಿನ ಕಥೆ ಬಾಯಿಪಾಠ. ಡ್ರೈವರು ಮಾತ್ರ ಅದನ್ನು ಹೇಳುವಾಗ ನಗುತ್ತಿರಲಿಲ್ಲ, ತಾನು ಬಳಿದ ಬಣ್ಣ ಅಷ್ಟು ಚೆನ್ನಾಗಿ ಹಿಡಿದಿತ್ತು ಎನ್ನುವುದಕ್ಕೆ ಸಾಕ್ಷಿ ಕೊಡುವವನಂತೆ ಹೇಳುತ್ತಿದ್ದ.

ಮೊದಲು ಹಳೆಯ ಬೆಲ್ಟು ಕೈಗೆತ್ತಿಕೊಂಡೆ. ಪಕ್ಕಗಳು ಗಾಜಿನ ಹಾಗೆ ಮಿರಮಿರ ಮಿಂಚುತ್ತಿದ್ದವು. ಜಾರಿ ಜಾರಿ ಸುಟ್ಟ ಬೆಲ್ಟಿನ ಗುರುತು ಅದು. ಬೆರಳಿಗೆ ಏನೋ ಅಂಟಿತು, ಮೂಸಿ ನೋಡಿದೆ, ರಾಳ. ಯಾರು ಹಾಕಿದ್ದು ಎಂದೆ. ತಾನೇ ಎಂದು ಡ್ರೈವರು ಒಪ್ಪಿಕೊಂಡ. ಶೇಂಗಾ ಮಿಲ್ಲಿನಲ್ಲಿ ಚರ್ಮದ ಪಟ್ಟೆ ಜಾರಿದರೆ ರಾಳದ ಪುಡಿ ಎರಚುವುದೇ ಪದ್ಧತಿ. ಅದು ಚಪ್ಪಟೆ ಪಟ್ಟೆಗೆ ಸರಿ. ಇಂಗ್ಲಿಷ್ ವಿ ಅಕ್ಷರದ ಆಕಾರದ ರಬ್ಬರ್ ಬೆಲ್ಟಿಗೆ ರಾಳ ಹಾಕಿದರೆ ಮೊದಲು ಕಚ್ಚಿದ ಹಾಗೆ ಅನ್ನಿಸುತ್ತದೆ, ಕಾದ ಮೇಲೆ ಬೆಣ್ಣೆಯ ಹಾಗೆ ಜಾರುತ್ತದೆ. ಸಿಕ್ಕಿತು ಕಳ್ಳ ಎಂದುಕೊಂಡೆ. ಎಲ್ಲ ಪುಲ್ಲಿಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಎಮರಿ ಕಾಗದ ಹಾಕಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿದೆ. ಪೆಟ್ಟಿಗೆಯ ಎರಡು ಬೆಲ್ಟುಗಳನ್ನು ಮುಟ್ಟುವ ಧೈರ್ಯವಾಗಲಿಲ್ಲ, ಸುಟ್ಟವುಗಳಲ್ಲೇ ವಾಸಿಯಾದ ಒಂದನ್ನು ಕೆರೆದು ಹಾಕಿದೆ. ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿದರೆ ಬ್ಲೇಡು ಸಿಳ್ಳೆ ಹೊಡೆಯುವಂತೆ ತಿರುಗಿತು.

ಕಾವಲಿಗೆ ಇಳಿಸಿದೆವು. ಡ್ರೈವರು ಓಡಿಸಿದ, ನಾನು ಪಕ್ಕದಲ್ಲಿ ನಡೆದೆ. ಚೆನ್ನಾಗಿಯೇ ಸವರುತ್ತಿತ್ತು. ಒಂದು ಪಟ್ಟಿ ಮುಗಿಸಿ ತಿರುಗುವ ಹೊತ್ತಿಗೆ ಕತ್ತರಿಸಿದ ಹುಲ್ಲಿನ ಬದಲು ಬಗ್ಗಿದ ಹುಲ್ಲು ಹಿಂದೆ ಬೀಳತೊಡಗಿತು. ಆಮೇಲೆ ಸುಟ್ಟ ರಬ್ಬರಿನ ವಾಸನೆ. ನಿಲ್ಲಿಸು ಎಂದು ಕೂಗುವಷ್ಟರಲ್ಲಿ ಹೊಗೆಯೂ ಬಂತು.

ಮಾರನೆಯ ದಿನ ದಾರ ಹಿಡಿದೆ. ಇಂಜಿನ್ನಿನ ಪುಲ್ಲಿಯಿಂದ ಡೆಕ್ಕಿನ ಪುಲ್ಲಿಗೆ ದಾರ ಎಳೆದು ಎಲ್ಲ ಒಂದೇ ಮಟ್ಟದಲ್ಲಿವೆಯೇ ನೋಡುವುದು ನಮ್ಮ ತಂದೆ ಕಲಿಸಿದ ಕ್ರಮ. ಒಂದು ಕಡೆ ಕೂದಲೆಳೆಯಷ್ಟು ವ್ಯತ್ಯಾಸವಿತ್ತು, ವಾಷರು ಹಾಕಿ ಸರಿ ಮಾಡಿದೆ. ಬೇರಿಂಗುಗಳನ್ನು ಕೈಯಲ್ಲಿ ತಿರುಗಿಸಿ ನೋಡಿದೆ, ಗಟ್ಟಿಮುಟ್ಟಾಗಿದ್ದವು. ಗ್ರೀಸ್ ಗನ್ ತೆಗೆದುಕೊಂಡು ಸಿಕ್ಕ ಸಿಕ್ಕ ಕಡೆಗೆಲ್ಲ ಗ್ರೀಸ್ ಹೊಡೆಯಲು ಹೋದರೆ, ತಾನು ಪ್ರತಿ ವಾರ ತಪ್ಪದೆ ಹೊಡೆಯುತ್ತೇನೆ ಎಂದು ಡ್ರೈವರು ಹೇಳಿದ. ನಿಜವೇ ಇರಬೇಕು, ತೋಳಿನ ಬುಡದ ನಿಪ್ಪಲ್ಲಿಗೆ, ಅಂದರೆ ಗ್ರೀಸ್ ಒಳಹೋಗುವ ಪುಟ್ಟ ಮೂತಿಗೆ, ಗನ್ ಇಟ್ಟು ಒತ್ತಿದರೆ ಗ್ರೀಸ್ ಒಳಗೆ ಹೋಗದೆ ಬಾಯಲ್ಲೇ ಹೊರಬಂತು. ಹೊಟ್ಟೆ ತುಂಬಿದೆ ಎಂದುಕೊಂಡು ಒರೆಸಿ ಮುಂದೆ ಹೋದೆ.

ಹೊಸದುರ್ಗದ ಹಿಟ್ಟಿನ ಗಿರಣಿಯಿಂದ ಒಂದು ಬೆಲ್ಟು ತರಿಸಿ ಹಾಕಿ ನೋಡಿದೆ. ಅಗಲ ಸರಿಯಿತ್ತು, ಉದ್ದ ಎರಡು ಬೆರಳು ಹೆಚ್ಚಾಯಿತು. ಅದು ಸ್ಟಾರ್ಟ್ ಮಾಡಿದ ಕೂಡಲೇ ಹಾವಿನ ಹಾಗೆ ಹೊರಳಾಡಿತು. ಬಿಚ್ಚಿ ವಾಪಸು ಕಳಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇನೆ ಎಂಬ ಗುಮಾನಿ ನನಗೆ ಆಗಲೇ ಬಂದಿತ್ತು. ಆದರೆ ಎತ್ತು ಯಾವುದು ಎನ್ನುವುದು ತಿಳಿಯಬೇಕಲ್ಲ.

ಸಂಜೆ ಸೂಪರಿಂಟೆಂಡೆಂಟರು ಬಂದು, ಕೈಯನ್ನು ಹಿಂದೆ ಕಟ್ಟಿಕೊಂಡು, ಶೆಡ್ಡಿನಲ್ಲಿ ಓಡುವುದನ್ನು ನೋಡಿದರು. ಸರಿಯಾಗಿಯೇ ಇದೆಯಲ್ಲ ಎಂದರು. ಇಲ್ಲಿ ಸರಿಯಾಗಿದೆ ಸಾರ್, ಅಲ್ಲಿ ಇಲ್ಲ ಎಂದೆ. ಇಲ್ಲಿ ಓಡಿಸುವುದು ನೀವು, ಅಲ್ಲಿ ಓಡಿಸುವುದು ಅವನು ಎಂದು ಹೇಳಿ ಹೊರಟುಹೋದರು. ನನಗೆ ರೇಗಿತು. ಮಾರನೆಯ ಬೆಳಿಗ್ಗೆ ನಾನೇ ಸೀಟಿನ ಮೇಲೆ ಕುಳಿತು ಕಾವಲಿಗೆ ಹೋದೆ. ಕೆರೆದ ಬೆಲ್ಟುಗಳಲ್ಲಿ ಇನ್ನೊಂದನ್ನು ನಾನೂ ಸುಟ್ಟುಕೊಂಡು ಬಂದೆ. ಡ್ರೈವರನ ಕೈಗುಣದ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಲ್ಲಿಯವರಿಗೆ ನಾನು ಸಾಬ್ರು, ಸಾಬ್ರ ಕೈಯಲ್ಲೂ ಸುಟ್ಟಿತು ಅಂದರೆ ಸಾಬ್ರಿಗೂ ಓಡಿಸಲು ಬರುವುದಿಲ್ಲ ಎಂದು ಕಚೇರಿಯಲ್ಲಿ ಅರ್ಥವಾಯಿತಂತೆ.

ಉಳಿದದ್ದು ಸ್ಪ್ರಿಂಗು. ಎಳೆದು ಎಳೆದು ಸೋತಿರಬಹುದು ಎಂದುಕೊಂಡೆ. ಲಾರಿ ಬ್ರೇಕಿನ ಹಳೆಯ ಸ್ಪ್ರಿಂಗೊಂದು ನನ್ನ ಚೀಲದಲ್ಲಿತ್ತು, ಮೂಲದ್ದಕ್ಕಿಂತ ಎರಡರಷ್ಟು ಗಟ್ಟಿ. ಕೊಕ್ಕೆ ಬಗ್ಗಿಸಿ ಹಾಕಿದೆ. ಈ ಸಲ ಪೆಟ್ಟಿಗೆಯ ಹೊಸ ಬೆಲ್ಟನ್ನೇ ಏರಿಸಿದೆ, ಹಳೆಯದರ ಮೇಲೆ ಇನ್ನು ಪರೀಕ್ಷೆ ಮಾಡಿ ಪ್ರಯೋಜನವಿರಲಿಲ್ಲ. ಡ್ರೈವರು ಹೊರಡುವ ಮುಂಚೆ ಸ್ಟಿಯರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡ.

ಮೊದಲಿಗಿಂತ ಹೆಚ್ಚು ಹೊತ್ತು ಓಡಿತು. ಎರಡು ಪಟ್ಟಿ ಮುಗಿಯಿತು. ನಾನು ಜಾಲಿ ಮರದ ನೆರಳಿಗೆ ಹೋಗಿ ಕುಳಿತು ಬೀಡಿ ಹಚ್ಚಬೇಕು ಎನ್ನುವಾಗ ಡೆಕ್ಕಿನೊಳಗೆ ದಡಾರ್ ಎಂಬ ಸದ್ದು. ತೋಳು ಒಮ್ಮೆಲೇ ಜಿಗಿದು ಬೆಲ್ಟನ್ನು ಪುಲ್ಲಿಯಿಂದ ಎಸೆದಿತ್ತು, ಬೆಲ್ಟು ಬ್ಲೇಡಿಗೆ ಸಿಕ್ಕಿ ಮೂರು ತುಂಡಾಗಿತ್ತು. ಡ್ರೈವರು ಇಳಿದು ಬಂದು ತುಂಡುಗಳನ್ನು ಒಂದೊಂದಾಗಿ ಆರಿಸಿ ಹೆಗಲ ಮೇಲಿನ ಟವೆಲ್ಲಿಗೆ ಹಾಕಿಕೊಂಡ. ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಮಷೀನನ್ನು, ಅದನ್ನು ಮಾಡಿದ ದೇಶವನ್ನು, ಬಿಟ್ಟುಹೋದವರನ್ನು. ಅವನು ಒಂದೇ ಮಾತು ಕೇಳಿದ.

"ಇನ್ನೊಂದೈತಲ್ಲ ಸಾಬ್ರೆ?"

ಇನ್ನೊಂದೇ ಇತ್ತು. ಸೂಪರಿಂಟೆಂಡೆಂಟರ ಹತ್ತಿರ ನಾನೇ ಹೋಗಿ, ಸ್ಪ್ರಿಂಗು ನನ್ನದು, ತಪ್ಪು ಅವನದಲ್ಲ ಎಂದು ಹೇಳಿದೆ. ಅವರು ಕಿಟಕಿಯಾಚೆ ಒಣಹುಲ್ಲನ್ನು ನೋಡುತ್ತಾ, ಕೊನೆಯದನ್ನು ಹಾಕಿ ನೋಡಿ, ಹೋದರೆ ಹೋಯಿತು, ಆಳು ಕರೆದು ಕುಡುಗೋಲಿನಲ್ಲಿ ಕೊಯ್ಯಿಸುತ್ತೇನೆ, ಮಷೀನು ಬೇಡ, ಮಷೀನಿನ ಡ್ರೈವರೂ ಬೇಡ ಎಂದರು. ಗದರಿ ಹೇಳಿದ್ದರೆ ಚೆನ್ನಾಗಿತ್ತು. ಸಾವಧಾನವಾಗಿ ಹೇಳಿದರು.

ಆವತ್ತು ನಾನು ಒಂದು ತೀರ್ಮಾನ ಮಾಡಿದೆ. ಕೊನೆಯ ಬೆಲ್ಟನ್ನು ಹಾಕುವುದಿಲ್ಲ. ಕಾರಣ ಕಣ್ಣಿಗೆ ಕಾಣುವವರೆಗೆ ಇಂಜಿನ್ ಸ್ಟಾರ್ಟ್ ಮಾಡುವುದೂ ಇಲ್ಲ. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಒಂದೇ: ಏನಾದರೂ ಬದಲಾಯಿಸುವುದು, ಓಡಿಸುವುದು, ಸುಡುವುದು. ಹೊಟ್ಟೆನೋವಿಗೆ ಔಷಧಿ ಕುಡಿಸಿ ಕುಡಿಸಿ ನೋಡುವ ಅಳಲೆಕಾಯಿ ಪಂಡಿತನ ಹಾಗೆ. ಡೆಕ್ಕನ್ನೇ ಪೂರ್ತಿ ಬಿಚ್ಚಿ, ಎಳೆದು, ಹೊಂಗೆಮರದ ಕೆಳಗೆ ಚಾಪೆ ಹಾಸಿ ಅದರ ಮೇಲೆ ಇಟ್ಟೆವು. ಲಾರಿ ಸ್ಪ್ರಿಂಗು ಬಿಚ್ಚಿ ಅದರ ಮೂಲದ ಸ್ಪ್ರಿಂಗನ್ನೇ ಮತ್ತೆ ಸಿಕ್ಕಿಸಿದೆ. ಬೆಲ್ಟಿಲ್ಲದೆ ಒಂದೊಂದು ಭಾಗವನ್ನೂ ಕೈಯಲ್ಲಿ ಆಡಿಸಿ ನೋಡುತ್ತಾ ಬಂದೆ.

ತೋಳಿನ ಸರದಿ ಬಂತು. ಅದನ್ನು ಸ್ಪ್ರಿಂಗಿಗೆ ಎದುರಾಗಿ ಎಳೆದು ಹಿಡಿದೆ, ಬಲ ಹಾಕಿಯೇ ಎಳೆಯಬೇಕಾಯಿತು. ಅಷ್ಟರಲ್ಲಿ ಅಡುಗೆಯವನು ಊಟಕ್ಕೆ ಬರ್ರಿ ಎಂದು ಕೂಗಿದ. ನಾನು ತಿರುಗಿ ನೋಡಿ ಕೈ ಬಿಟ್ಟೆ. ಬಿಟ್ಟ ಕೂಡಲೇ ಬೆರಳುಗಳನ್ನು ಎದೆಗೆಳೆದುಕೊಂಡೆ. ಸ್ಪ್ರಿಂಗಿನ ತೋಳು ಬಿಟ್ಟರೆ ಅದು ಬಂದು ಬೆರಳು ಜಜ್ಜುತ್ತದೆ, ಚಿಕ್ಕಂದಿನಿಂದ ಜಜ್ಜಿಸಿಕೊಂಡ ಬೆರಳುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅದು ಬಂದು ಬಡಿಯಲಿಲ್ಲ. ಎಳೆದು ಬಿಟ್ಟ ಕಡೆಯೇ ನಿಂತಿತ್ತು, ಮಲಗಿದ ಎತ್ತಿನ ಹಾಗೆ. ಸ್ಪ್ರಿಂಗು ಪೂರ್ತಿ ಹಿಗ್ಗಿ ಎಳೆಯುತ್ತಲೇ ಇತ್ತು, ತೋಳು ಜಪ್ಪಯ್ಯ ಅನ್ನಲಿಲ್ಲ.

ಊಟ ಮರೆತುಹೋಯಿತು. ಬಗ್ಗಿ ಬುಡ ನೋಡಿದೆ. ತೋಳು ತಿರುಗಬೇಕಾದ ಜಾಗ ಎಲ್ಲಿ ಮುಗಿಯುತ್ತದೆ, ಡೆಕ್ಕು ಎಲ್ಲಿ ಶುರುವಾಗುತ್ತದೆ ಎಂಬ ಸಂದೇ ಕಾಣಿಸುತ್ತಿರಲಿಲ್ಲ. ಎಲ್ಲ ಒಂದೇ ಕೆಂಪು. ಉಗುರಿನಿಂದ ಕೆರೆದೆ, ಕೆಂಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೊಂದು ಕೆಂಪು. ಪ್ರತಿ ಆಯುಧಪೂಜೆಗೆ ಒಂದು ಪದರ. ಬಣ್ಣ ಸಂದಿಗೆ ಇಳಿದು, ಗಟ್ಟಿಯಾಗಿ, ತೋಳನ್ನು ಬೆಸುಗೆ ಹಾಕಿದಂತೆ ಹಿಡಿದಿತ್ತು. ನಿಪ್ಪಲ್ಲಿನ ಕಣ್ಣಿಗೂ ಬಣ್ಣ ತುಂಬಿತ್ತು. ಡ್ರೈವರು ವಾರ ವಾರ ತಪ್ಪದೆ ಹೊಡೆದ ಗ್ರೀಸ್ ಒಂದು ಚಿಟಿಕೆಯೂ ಒಳಗೆ ಹೋಗಿರಲಿಲ್ಲ. ತೋಳು ತಿರುಗುವ ಒಳಗಿನ ಬಳೆ, ಬುಷ್, ಒಣಗಿ, ಮಳೆಗಾಲದಲ್ಲಿ ತುಕ್ಕು ಹಿಡಿದು ಕೂತಿತ್ತು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.

ಈಗ ಎಲ್ಲ ಲೆಕ್ಕವೂ ಸರಿಹೋಯಿತು. ಬ್ಲೇಡು ಚಾಲೂ ಮಾಡುವ ಲಿವರು ಎಳೆದಾಗ ಆ ಜೋರಿಗೆ ತೋಳು ಒಂದು ಸಲ ಮುಂದೆ ಬಂದು ಬೆಲ್ಟನ್ನು ಒತ್ತುತ್ತಿತ್ತು. ಶೆಡ್ಡಿನಲ್ಲಿ ಅಷ್ಟೇ ಸಾಕು. ಕಾವಲಿನಲ್ಲಿ ಬೆಲ್ಟು ಕಾದು ಕೂದಲಷ್ಟು ಹಿಗ್ಗಿದಾಗ ಅದರ ಹಿಂದೆಯೇ ತೋಳು ಸರಿಯಬೇಕು. ಸರಿಯುತ್ತಿರಲಿಲ್ಲ. ಬೆಲ್ಟು ಜಾರುತ್ತಿತ್ತು, ಸುಡುತ್ತಿತ್ತು. ನನ್ನ ಲಾರಿ ಸ್ಪ್ರಿಂಗು ಬಲವಂತವಾಗಿ ಎಳೆದಾಗ ಹಿಡಿತ ಒಮ್ಮೆಲೇ ಬಿಟ್ಟು ತೋಳು ಜಿಗಿದಿತ್ತು.

ಡ್ರೈವರು ನನ್ನ ಹಿಂದೆ ನಿಂತು ಎಲ್ಲ ನೋಡುತ್ತಿದ್ದ. ನಾನು ಹ್ಯಾಕ್ಸಾ ಬ್ಲೇಡು ತೆಗೆದುಕೊಂಡು ಬಣ್ಣ ಕೆರೆಯಲು ಕೈ ಇಟ್ಟಾಗ ಅವನು ಮುಂದೆ ಬಂದ.

"ಕೆರೀಬ್ಯಾಡ್ರಿ ಸಾಬ್ರೆ. ಪೂಜೆ ಮಾಡಿದ ಬಣ್ಣ ಐತಿದು."

ನನ್ನ ಸಿಟ್ಟು ನೆತ್ತಿಗೇರಿತು. ಒಂದು ವಾರದಿಂದ ಬಿಸಿಲಲ್ಲಿ ಬೆಂದಿದ್ದೆ. ನಿನ್ನ ಕೆಲಸ ಉಳಿಯಬೇಕೋ ಬಣ್ಣ ಉಳಿಯಬೇಕೋ ಎಂದು ಕೇಳಲು ಬಾಯಿ ತೆರೆದವನು, ತೋಳಿನ ಬುಡಕ್ಕೇ ಇಟ್ಟಿದ್ದ ಕುಂಕುಮದ ಬೊಟ್ಟನ್ನು ನೋಡಿ ಸುಮ್ಮನಾದೆ. ಆಯುಧಪೂಜೆ ನಮ್ಮ ಅಂಗಡಿಯಲ್ಲೂ ಆಗುತ್ತದೆ. ಕೆಲಸದವರು ಲೇತಿಗೆ ಕುಂಕುಮ ಹಚ್ಚುತ್ತಾರೆ, ನಮ್ಮ ತಂದೆ ಪಕ್ಕದಲ್ಲಿ ನಿಂತು ಮಂಡಕ್ಕಿ ಹಂಚುತ್ತಾರೆ, ಮಾರನೆಯ ದಿನ ಅದನ್ನು ಹಚ್ಚಿದವರೇ ಒರೆಸುತ್ತಾರೆ. ನಾವು ಯಾವತ್ತೂ ಒರೆಸಿದವರಲ್ಲ. ಬ್ಲೇಡನ್ನು ಚಾಪೆಯ ಮೇಲಿಟ್ಟೆ.

"ಕುಂಕುಮ ನೀನೇ ತೆಗಿಯಪ್ಪ," ಎಂದೆ. "ಆಮೇಲೆ ನಾನು ಕೆರೀತೀನಿ. ಇದು ತಿರುಗ್ಲಿಲ್ಲ ಅಂದ್ರೆ ಇದರ ಮೇಲೆ ಕುಂತ್ಕಳಾಕೆ ನೀನೇ ಇರಲ್ಲ."

ಅವನು ಹೋಗಿ ಒಂದು ಚೊಂಬು ನೀರು, ಎರಡು ಊದಿನಕಡ್ಡಿ ತಂದ. ಕಡ್ಡಿ ಹಚ್ಚಿ ಡೆಕ್ಕಿನ ಮುಂದಿನ ಮಣ್ಣಿಗೆ ಚುಚ್ಚಿ ಕೈಮುಗಿದ. ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿ, ಆ ಬಟ್ಟೆಯನ್ನು ಹೊಂಗೆಮರದ ಬುಡಕ್ಕೆ ಹಿಂಡಿದ. ಆಮೇಲೆ ನನ್ನ ಬ್ಲೇಡನ್ನು ತಾನೇ ಎತ್ತಿಕೊಂಡ. ಪದರ ಪದರವಾಗಿ ತಾನು ಬಳಿದದ್ದನ್ನು ತಾನೇ ಕೆರೆದ. ಕೊನೆಯ ಪದರ ಹೋಗುವಾಗ ಕಣ್ಣು ಒರೆಸಿಕೊಂಡ, ಬಣ್ಣದ ಪುಡಿ ಬಿತ್ತೋ ಏನೋ, ನಾನು ಕೇಳಲಿಲ್ಲ.

ಬೋಲ್ಟು ಬಿಚ್ಚುವುದೇ ಒಂದು ಯುದ್ಧವಾಯಿತು. ಸೀಮೆಎಣ್ಣೆ ಸುರಿದು ನೆನೆಹಾಕಿ, ಮರದ ತುಂಡು ಕೊಟ್ಟು ಬಡಿದು, ಅಂತೂ ಹೊರಬಂತು. ಬುಷ್ಷಿನ ತುಕ್ಕು ಉಜ್ಜಿದೆ. ನಿಪ್ಪಲ್ಲನ್ನು ಬಿಚ್ಚಿ ಸೂಜಿಯಿಂದ ಕಣ್ಣು ಬಿಡಿಸಿದೆ. ಜೋಡಿಸಿ ಗನ್ ಒತ್ತಿದರೆ ಗ್ರೀಸ್ ಈ ಸಲ ಬಾಯಲ್ಲಿ ಬರದೆ ಒಳಗಿಳಿದು ಆಚೆ ತುದಿಯಲ್ಲಿ ಕಂದು ನೀರಾಗಿ ಇಣುಕಿತು. ಡ್ರೈವರನ್ನು ಕರೆದು, ತೋಳನ್ನು ಎಳೆದು ಬಿಡು ಎಂದೆ. ಎಳೆದು ಬಿಟ್ಟ. ಪಟ್ ಎಂದು ಬಂದು ಅವನ ಹೆಬ್ಬೆರಳಿಗೆ ಬಡಿಯಿತು. ಅವನು ಬೆರಳು ಬಾಯಿಗಿಟ್ಟುಕೊಂಡು ನಕ್ಕ. ಒಂದು ವಾರದಲ್ಲಿ ಅವನು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

ಕೊನೆಯ ಬೆಲ್ಟು ಹಾಕಿದೆವು. ಸೂಪರಿಂಟೆಂಡೆಂಟರಿಗೂ ಹೇಳಿ ಕಳಿಸಿದೆ, ಬರಲಿ, ಹೋಗುವುದಾದರೆ ಅವರ ಕಣ್ಣೆದುರೇ ಹೋಗಲಿ. ಡ್ರೈವರು ಮೊದಲ ಪಟ್ಟಿ ಹೊಡೆದ. ಎರಡನೆಯದು ಹೊಡೆದ. ಪ್ರತಿ ತಿರುವಿನಲ್ಲೂ ನಾನು ಮೂಗು ಅರಳಿಸಿ ವಾಸನೆ ಹಿಡಿಯುತ್ತಿದ್ದೆ, ಕತ್ತರಿಸಿದ ಒಣಹುಲ್ಲಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಹೊತ್ತು ಇಳಿಯುವಾಗ ಕಾವಲಿನ ಒಂದು ಮಗ್ಗುಲು ಪೂರ್ತಿ ಗೆರೆ ಬಿದ್ದಿತ್ತು. ಬೆಲ್ಟಿಗೆ ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು ಅಷ್ಟೆ.

ಸೂಪರಿಂಟೆಂಡೆಂಟರು ಏನಾಗಿತ್ತು ಎಂದು ಕೇಳಿದರು. ತೋಳು ಹಿಡಿದಿತ್ತು, ಗ್ರೀಸ್ ಒಳಗೆ ಹೋಗುತ್ತಿರಲಿಲ್ಲ ಎಂದೆ. ಯಾಕೆ ಹೋಗುತ್ತಿರಲಿಲ್ಲ ಎಂದರು. ಇದಕ್ಕೆ ಏನು ಹೇಳಬೇಕೆಂದು ನಾನು ಇಡೀ ಮಧ್ಯಾಹ್ನ ಯೋಚಿಸಿದ್ದೆ. ಧೂಳು ಎನ್ನಬಹುದಿತ್ತು, ಮಳೆ ಎನ್ನಬಹುದಿತ್ತು. ನಾನು ಬಾಯಿ ತೆರೆಯುವ ಮೊದಲೇ ಡ್ರೈವರು ಮಷೀನಿನಿಂದ ಇಳಿದು ಬಂದು ನಿಂತ.

"ನಾನೇ ಸಾರ್. ಬಣ್ಣ ಬಳಿದು ಮುಚ್ಚಿಬಿಟ್ಟಿದ್ದೆ."

ಅಡುಗೆಯವನು, ಕಾವಲುಗಾರ, ಟ್ರೇಲರಿನವನು ಎಲ್ಲ ಅಲ್ಲೇ ನಿಂತಿದ್ದರು. ಯಾರೂ ಸೂಪರಿಂಟೆಂಡೆಂಟರ ಮುಖ ನೋಡಲಿಲ್ಲ. ಅವರು ಬಾಗಿ ಕೆರೆದ ಜಾಗವನ್ನು ನೋಡಿದರು. ಕೆಂಪಿನ ನಡುವೆ ಅದು ಬೋಳಾಗಿ ಕಾಣುತ್ತಿತ್ತು. ಅವರ ಕೈ ತಾನಾಗಿ ಪ್ಯಾಂಟಿನ ಹಿಂಬದಿಗೆ ಹೋಯಿತು.

"ಬಣ್ಣ ತರಿಸಿಕೊಟ್ಟಿದ್ದು ನಾನೇ ಅಲ್ಲವೇನೋ," ಎಂದರು. ಮತ್ತೆ ನೆಟ್ಟಗೆ ನಿಂತು, "ಹೋಗು, ಬೆಳಕಿರೋವಾಗ ಇನ್ನೊಂದು ಪಟ್ಟಿ ಹೊಡಿ."

ಅವನು ಓಡಿದ ಅಂತಲೇ ಹೇಳಬೇಕು.

ಮಾರನೆಯ ದಿನ ನನ್ನನ್ನು ಹೊಸದುರ್ಗದ ಬಸ್ಸಿಗೆ ಬಿಡಲು ಟ್ರೇಲರಿನಲ್ಲಿ ಡ್ರೈವರೂ ಬಂದ. ಬಸ್ಸು ಹೊರಡುವಾಗ ಗೋಣಿಚೀಲದಲ್ಲಿ ಸುತ್ತಿದ ಏನನ್ನೋ ಕಿಟಕಿಯಿಂದ ನನ್ನ ತೊಡೆಯ ಮೇಲಿಟ್ಟ. ತುಪ್ಪವೋ ಬೆಲ್ಲವೋ ಎಂದುಕೊಂಡೆ. ಬಿಚ್ಚಿದರೆ ಕೆಂಪು ಬಣ್ಣದ ಅರ್ಧ ಡಬ್ಬಿ, ಅದರ ಮೇಲೆ ಒಂದು ಬ್ರಷ್ಷು.

"ನಿಮ್ಮ ಹತ್ರಾನೆ ಇರ್ಲಿ ಸಾಬ್ರೆ," ಎಂದ. "ಹಬ್ಬ ಬಂದ್ರೆ ನನ್ನ ಕೈ ಸುಮ್ಕಿರಲ್ಲ."

ಆ ಡಬ್ಬಿಯನ್ನು ದುರ್ಗದವರೆಗೆ ತೊಡೆಯ ಮೇಲೆ ಹೊತ್ತು ತಂದೆ. ಮುಚ್ಚಳ ಸಡಿಲವಿದ್ದು ನನ್ನ ಪೈಜಾಮಕ್ಕೂ ಕೆಂಪು ಗೆರೆ ಬಿತ್ತು, ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಮುಂದಿನ ಆಯುಧಪೂಜೆಗೆ ಅದೇ ಬಣ್ಣವನ್ನು ನಮ್ಮ ಅಂಗಡಿಯ ಕಬ್ಬಿಣದ ಬಾಗಿಲಿಗೆ ಬಳಿದೆ. ಕೀಲುಗಳಿಗೆ ಮಾತ್ರ ಮುಟ್ಟಿಸಲಿಲ್ಲ.